ಸಾರ್ಜೆಂಟ್ ಸ್ಟ್ರೌಡ್‌ನ ಬೆರಳಚ್ಚು

ಹೆಂಡತಿಯನ್ನು ಹೊಡೆದು ಶಿಕ್ಷೆಗೊಳಗಾದ ಸೈನಿಕನ ಹೆಸರನ್ನು, ಬೆರಳಚ್ಚಿನ ಸಮೇತ, ಹದಿನೈದು ದಿನದೊಳಗೆ ರಾಷ್ಟ್ರೀಯ ಪಟ್ಟಿಗೆ ಕಳಿಸತಕ್ಕದ್ದು. ಪಟ್ಟಿಯಲ್ಲಿರುವವನಿಗೆ ಯಾವ ಅಂಗಡಿಯವನೂ ಬಂದೂಕು ಮಾರತಕ್ಕದ್ದಲ್ಲ. ಪಶ್ಚಿಮ ಟೆಕ್ಸಾಸಿನ ಆ ವಾಯುನೆಲೆಯಲ್ಲಿ ಈ ನಿಯಮಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟಿದ್ದರು. ಅದರ ಕೆಳಗೇ ಗುಮಾಸ್ತೆ ವಾಂಡಾ ಪ್ರೂಯಿಟ್‌ಳ ಮೇಜು.

ಸಾರ್ಜೆಂಟ್ ಕೋಲ್ಬಿ ಸ್ಟ್ರೌಡ್ ಹೆಂಡತಿ ಟೆಸ್ಸಾಳ ದವಡೆ ಮುರಿದು ಸೇನಾ ನ್ಯಾಯಾಲಯದಿಂದ ಎಂಟು ತಿಂಗಳ ಸೆರೆವಾಸ ಪಡೆದಾಗ ಕಡತ ವಾಂಡಾಳಿಗೆ ಬಂತು. ಬೆರಳಚ್ಚು ನೀಲಿ ಶಾಯಿಯಲ್ಲಿತ್ತು, ನಿಯಮದಂತೆ ಕಪ್ಪೇ ಆಗಬೇಕು; ಮತ್ತೆ ತೆಗೆಯಬೇಕಿತ್ತು. ಸೆರೆಯಲ್ಲಿರುವವನಿಗೆ ತೊಂದರೆ ಕೊಡುವುದು ಸಭ್ಯತೆಯಲ್ಲ, ಬಿಡುಗಡೆಯಾಗಲಿ ಎಂದರು ಮೇಲಧಿಕಾರಿ ಮೇಜರ್ ಹ್ಯಾಸ್ಕೆಲ್. ಬಿಡುಗಡೆಯಾದ ದಿನವೇ ಸ್ಟ್ರೌಡ್‌ನನ್ನು ಸೇನೆಯಿಂದ ವಜಾ ಮಾಡಲಾಯಿತು. ಸೈನಿಕನಲ್ಲದವನ ಬೆರಳು ಹಿಡಿಯುವ ಅಧಿಕಾರ ನೆಲೆಗಿರಲಿಲ್ಲ.

ಟೆಸ್ಸಾ ವಾರಕ್ಕೊಮ್ಮೆ ಫೋನ್ ಮಾಡಿ, ಹೆಸರು ಪಟ್ಟಿಗೆ ಹೋಯಿತೇ ಎಂದು ಕೇಳುತ್ತಿದ್ದಳು. ಪರಿಶೀಲನೆಯಲ್ಲಿದೆ ಎಂದು ಹೇಳಿ ಹೇಳಿ ವಾಂಡಾಳಿಗೆ ಸಾಕಾಯಿತು. ಒಂದು ಸಂಜೆ ಅವಳು ಸ್ಟ್ರೌಡ್‌ನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಇವನಿಗೆ ಬಂದೂಕು ಮಾರಬೇಡಿ ಎಂದು ಹೇಳಲು ತಾನೇ ಊರಿನ ಬಂದೂಕಿನಂಗಡಿಗೆ ಹೋದಳು. ಅಂಗಡಿಯವನು ಅಂದು ಬೆಳಿಗ್ಗೆಯೇ ಪಟ್ಟಿ ವಿಚಾರಿಸಿ, ಮೂರು ನಿಮಿಷದಲ್ಲಿ ಒಪ್ಪಿಗೆ ಪಡೆದು ಸ್ಟ್ರೌಡ್‌ಗೆ ರೈಫಲ್ ಮಾರಿದ್ದ. ಪಟ್ಟಿಯಲ್ಲಿಲ್ಲದವರ ಬಗ್ಗೆ ಹಾಗೆಲ್ಲ ಹೇಳಿದರೆ ಮಾನನಷ್ಟವಾಗುತ್ತದೆಂದು ಅವಳಿಗೇ ಬುದ್ಧಿ ಹೇಳಿದ.

ಮರುದಿನ ವಾಂಡಾ ಮೇಜರರ ಮುಂದೆ ನಿಂತು ರೈಫಲ್ ಮಾರಾಟವಾದದ್ದನ್ನು ಹೇಳಿದಳು.

"ಪಟ್ಟೀಲಿ ಹೆಸರಿಲ್ಲ ಅಂದ್ಮೇಲೆ, ಸರ್ಕಾರದ ಪ್ರಕಾರ ಅವನು ಹೊಡೆದೇ ಇಲ್ವಲ್ಲಮ್ಮ."

"ದವಡೆ ಮುರಿದಿದೆ, ಸಾರ್."

"ಅದು ಆಸ್ಪತ್ರೆಯವರ ವಿಷಯ."

ಆ ವಾರದ ಕೊನೆಗೆ ಕೇಂದ್ರ ಕಚೇರಿಯಿಂದ ಪ್ರಕಟಣೆ ಬಂತು: ಹನ್ನೊಂದು ವರ್ಷಗಳಲ್ಲಿ ಪಟ್ಟಿಗೆ ಒಂದು ಹೆಸರನ್ನೂ ಕಳಿಸದ ಈ ನೆಲೆಯಲ್ಲಿ ಪತ್ನಿಪೀಡಕರೇ ಇಲ್ಲವೆಂದು ಸಾಬೀತಾಗಿರುವುದರಿಂದ, 'ಸಂಸಾರ ಸೌಹಾರ್ದ ಪದಕ' ಪ್ರದಾನ ಮಾಡಲಾಗಿದೆ. ಕೇಕ್ ತರಿಸಿದರು. ಮೇಜರ್ ಭಾಷಣ ಮಾಡಿ, ಮನೆಯ ನೆಮ್ಮದಿಯೇ ದೇಶದ ರಕ್ಷಣೆ ಎಂದರು.

ಅದೇ ಹೊತ್ತಿಗೆ ಟೆಸ್ಸಾ, ಹೆಸರಿನ ವಿಷಯ ಖುದ್ದಾಗಿ ಕೇಳಲು ನೆಲೆಗೆ ಬಂದಳು. ಗೇಟಿನ ಕಾವಲುಗಾರರು ತಪಾಸಣೆ ಮಾಡಿದಾಗ ಅವಳ ಚೀಲದಲ್ಲಿ ಆಲೂಗಡ್ಡೆ ಹೆರೆಯುವ ಚಾಕು ಸಿಕ್ಕಿತು. ಗಂಡ ರೈಫಲ್ ಕೊಂಡ ಸುದ್ದಿ ಕೇಳಿದಾಗಿನಿಂದ ಅವಳು ಅದನ್ನು ಬಿಟ್ಟಿರುತ್ತಿರಲಿಲ್ಲ. ಆಯುಧ ಹೊಂದಿದ ವ್ಯಕ್ತಿಯೆಂದು ನಮೂದಿಸಲು ಅವಳನ್ನು ವಾಂಡಾಳ ಮೇಜಿಗೆ ಕರೆತಂದರು. ಮೇಜರ್ ಕೈ ಒರೆಸಿಕೊಂಡು ಬಂದು, ಆಯುಧದ ವಿಷಯದಲ್ಲಿ ನೆಲೆ ಯಾರಿಗೂ ರಿಯಾಯಿತಿ ತೋರಿಸುವುದಿಲ್ಲವೆಂದು ವಿನಯದಿಂದ ವಿವರಿಸಿದರು.

ವಾಂಡಾ ಫಾರಂ ತುಂಬಿದಳು. ಒಂದು ಹಾಳೆ ಕೆಟ್ಟಿತು, ಇನ್ನೊಂದು ತೆಗೆದುಕೊಂಡಳು.

"ಸಹಿ ಎಲ್ಲಿ ಮಾಡಲಿ, ಮೇಡಂ?" ಟೆಸ್ಸಾ ಕೇಳಿದಳು.

ವಾಂಡಾ ಜಾಗ ತೋರಿಸಿದಳು. ಯಾರೋ ಟೆಸ್ಸಾಳ ಕೈಗೂ ಒಂದು ತುಂಡು ಕೇಕ್ ಕೊಟ್ಟರು.