ಹುಲ್ಲುಹಾಸಿನಲ್ಲೊಂದು ರಸ್ತೆ ತಡೆ

ನನ್ನ ಹೆಂಡತಿಗೆ ನಾನು ಒಂದು ಒಣ ಹುಲ್ಲುಹಾಸು ಬಾಕಿ ಉಳಿಸಿಕೊಂಡಿದ್ದೇನೆ. ಇವತ್ತಿಗೂ ತೀರಿಸಿಲ್ಲ. ಊರಿನವರ ಬಾಕಿಗಾಗಿ ಕಚೇರಿಗಳ ಮುಂದೆ ಗಂಟಲು ಹರಿದುಕೊಂಡ ಮನುಷ್ಯ ನಾನು. ಮನೆಯೊಳಗಿನ ಬಾಕಿಯ ಮಾತು ಬಂದರೆ ಮಾತ್ರ ಕೆಮ್ಮು ಬರುತ್ತದೆ.

ನಮ್ಮ ಮನೆಯ ಮುಂದೆ, ಕಾಂಪೌಂಡಿನೊಳಗೆ, ಆ ಹುಲ್ಲುಹಾಸಿದೆ. ದೂರದಿಂದ ನೋಡಿದರೆ ಹಸಿರು ಜಮಖಾನೆ. ಕಾಲಿಟ್ಟರೆ ಒದ್ದೆ ಹಾಸಿಗೆ! ಒಂದು ಮಳೆ ಬಿದ್ದರೆ ವಾರಗಟ್ಟಲೆ ಪಚಪಚ ಎನ್ನುತ್ತದೆ. ಒಣಗಿದ ಬಟ್ಟೆ ತೆಗೆಯಲು ಹೋದ ಹೆಂಡತಿ ಅಲ್ಲೇ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಕಟ್ಟು ಬಿಚ್ಚಿದ ಮೇಲೆ ಡಾಕ್ಟರು, "ದಿನಾ ಹೊರಗೆ ನಡೀಬೇಕಮ್ಮ, ಇಲ್ಲದಿದ್ರೆ ಕಾಲು ಹೀಗೇ ಬಿಗಿದುಕೊಂಡುಬಿಡುತ್ತೆ" ಎಂದರು. ಇವಳು ಊರುಗೋಲು ಹಿಡಿದು ವರಾಂಡಕ್ಕೆ ಬರುತ್ತಾಳೆ, ಮೆಟ್ಟಿಲ ಮೇಲೆ ನಿಲ್ಲುತ್ತಾಳೆ, ಹುಲ್ಲನ್ನು ಒಮ್ಮೆ ನೋಡುತ್ತಾಳೆ, ವಾಪಸ್ ತಿರುಗುತ್ತಾಳೆ. ಮೆರವಣಿಗೆಯಲ್ಲಿ ನನಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಿದ್ದವಳು! ಲಾಠಿಗೆ ಹೆದರದವಳು ಹುಲ್ಲಿಗೆ ಹೆದರಿದ್ದಳು.

ಅದನ್ನು ನೋಡುತ್ತಾ ಕೂರುವುದು ನನ್ನಿಂದಾಗಲಿಲ್ಲ. ಊಟದ ಮಧ್ಯೆ ಘೋಷಿಸಿಯೇಬಿಟ್ಟೆ.

"ಈ ಭಾನುವಾರ ಕೆಸರಿನ ದಬ್ಬಾಳಿಕೆ ಮುಗೀತು! ನೆಲದಡಿ ಪೈಪು ಹಾಕಿ ನೀರನ್ನೆಲ್ಲ ಗೇಟಿನಾಚೆ ಚರಂಡಿಗೆ ಗಡೀಪಾರು ಮಾಡ್ತೀನಿ."

"ಪೈಪು ಹಾಕೋರಿಗೆ ಹೇಳಿ."

"ಯಾಕೆ, ನಮಗೆ ಕೈಯಿಲ್ವಾ?"

"ಇದೆ. ಮುಷ್ಟಿ ಮಾಡಿ ಮೇಲೆತ್ತಿದ್ದು ನೋಡಿದೀನಿ. ಗುದ್ದಲಿ ಹಿಡಿದಿದ್ದು ನೋಡಿಲ್ಲ."

ಇಂಥ ಮಾತು ಕೇಳಿದ ಮೇಲೆ ಯಾವ ಹೋರಾಟಗಾರ ಸುಮ್ಮನಿರುತ್ತಾನೆ? ಹಳೆಯ ಸಂಗಾತಿಗಳಿಬ್ಬರಿಗೆ ಕರೆ ಕೊಟ್ಟೆ. ಒಬ್ಬನ ಅಡ್ಡಹೆಸರು ಮೈಕು. ಸಭೆಯಲ್ಲಿ ಕರೆಂಟು ಹೋದರೂ ಅವನ ದನಿ ಹೋಗುತ್ತಿರಲಿಲ್ಲ. ಇನ್ನೊಬ್ಬ ಬಂಡೆ. ಧರಣಿಯಲ್ಲಿ ಕೂತರೆ ನಾಲ್ಕು ಪೊಲೀಸರು ಸೇರಿ ಎತ್ತಬೇಕಿತ್ತು. ಈಗ ಕೂತರೆ ನಾವಿಬ್ಬರು ಸೇರಿ ಎತ್ತಬೇಕು.

ಯೋಜನೆ ಸರಳ. ವರಾಂಡದಿಂದ ಗೇಟಿನವರೆಗೆ ಇಳಿಜಾರಾಗಿ ಕಾಲುವೆ ತೋಡುವುದು. ತಳಕ್ಕೆ ಜಲ್ಲಿ ಸುರಿದು, ಮೈತುಂಬಾ ತೂತಿರುವ ಪೈಪು ಮಲಗಿಸಿ, ಮೇಲೆ ಮತ್ತೆ ಜಲ್ಲಿ, ಮತ್ತೆ ಮಣ್ಣು. ಹುಲ್ಲಿನ ನೀರು ತೂತುಗಳಿಂದ ಪೈಪಿಗಿಳಿದು ಸದ್ದಿಲ್ಲದೆ ಹೊರಟುಹೋಗಬೇಕು. ಸುತ್ತಲೂ ಕಾಂಪೌಂಡು ಗೋಡೆ. ನೀರಿಗಿರುವ ದಾರಿ ಗೇಟೊಂದೇ. ಇದಿಷ್ಟನ್ನೂ ವಿವರಿಸಿದವನು ನಾನೇ. ದಯವಿಟ್ಟು ನೆನಪಿಟ್ಟುಕೊಳ್ಳಿ.

"ನಾನು ಕರೆಯೋವರೆಗೂ ಒಳಗೇ ಇರು" ಎಂದೆ ಹೆಂಡತಿಗೆ. "ಕರೆದಾಗ ಮಹಾರಾಣಿ ಹಾಗೆ ಹುಲ್ಲಿನ ಮೇಲೆ ನಡೆದು ಬರುವೆಯಂತೆ."

"ಇರ್ತೀನಿ. ಒಳಗಿರೋದು ನನಗೇನು ಹೊಸದಾ?" ಎಂದಳು. ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ.

ತೋಡಿದೆವು! ಮೈಕು ಘೋಷಣೆ ಕೂಗಿದ, ಕೂಗಿಗೊಂದರಂತೆ ಗುದ್ದಲಿ ಬಿತ್ತು. ಅಗೆದ ಮಣ್ಣನ್ನು ಬಾಂಡಲಿಗೆ ತುಂಬಿ ಕೈಯಿಂದ ಕೈಗೆ ದಾಟಿಸಿದೆವು. ಎಲ್ಲಿ ಹಾಕಬೇಕೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಕೈಗಳಿಗೇ ಗೊತ್ತಿತ್ತು. ಮಣ್ಣು ತಾನಾಗಿಯೇ ಎಂಬಂತೆ ಬೀದಿಯ ಕಡೆ ಹೊರಟು, ಗೇಟಿನ ಒಳಬದಿಗೆ, ಈ ಕಂಬದಿಂದ ಆ ಕಂಬದವರೆಗೆ ಸಾಲಾಗಿ ಬಿತ್ತು. ಬಂಡೆ ತುಳಿದು ಗಟ್ಟಿ ಮಾಡಿದ. ಮೈಕು ಜಲ್ಲಿ ಚೀಲಗಳನ್ನು ಎಳೆತಂದು ಪೇರಿಸಿದ. ನಾನು ಸಂದುಗೊಂದುಗಳಿಗೆ ಹುಲ್ಲಿನ ಹೆಂಟೆ ಒತ್ತಿದೆ. ಮೊಣಕಾಲೆತ್ತರದ, ಕಣ್ಣು ತುಂಬುವಂಥ ಅಡ್ಡಗಟ್ಟೆ!

"ಎಷ್ಟು ಗಟ್ಟಿ ನೋಡ್ರೋ!" ಎಂದ ಬಂಡೆ. "ಬುಲ್ಡೋಜರ್ ಬಂದ್ರೂ ಅಲ್ಲಾಡಲ್ಲ."

"ಇಂಥದ್ದು ಕಟ್ಟಿ ಎಷ್ಟು ವರ್ಷ ಆಗಿತ್ತಪ್ಪ" ಎಂದ ಮೈಕು. ಅವನ ದನಿ ಸಣ್ಣಗಾದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಮೂವರೂ ಸೊಂಟದ ಮೇಲೆ ಕೈಯಿಟ್ಟು ನಿಂತೆವು. ನನ್ನ ಕಣ್ಣು ಸ್ವಲ್ಪ ಒದ್ದೆಯಾಯಿತು. ಧೂಳಿರಬೇಕು. ಅಷ್ಟು ಕೆಸರಿನಲ್ಲಿ ಧೂಳೆಲ್ಲಿಂದ ಬಂತು ಎಂದು ಕೇಳಬೇಡಿ!

ಪೈಪು ಮಲಗಿಸುವುದೊಂದು ಉಳಿದಿತ್ತು. ಅಷ್ಟರಲ್ಲಿ ಮಳೆ ಬಂತು.

ಬಂತು ಅಂದರೆ, ನಮಗಾಗಿಯೇ ಕಾದಿದ್ದ ಹಾಗೆ ಬಂತು. ವರಾಂಡಕ್ಕೆ ಓಡಿದೆವು. ಸೂರಿನ ನೀರು ಕಾಲುವೆಗಿಳಿದು ಗೇಟಿನತ್ತ ನುಗ್ಗಿತು. "ಹರೀತಿದೆ! ಹರೀತಿದೆ!" ಎಂದು ಕುಣಿದೆವು. ನೀರು ಗೇಟಿನವರೆಗೆ ಓಡಿತು, ನಮ್ಮ ಅಡ್ಡಗಟ್ಟೆಗೆ ಹಣೆ ಚಚ್ಚಿಕೊಂಡಿತು, ನಿಂತು ಸ್ವಲ್ಪ ಯೋಚಿಸಿತು. ಆಮೇಲೆ ವಾಪಸ್ ಹೊರಟಿತು.

ಕಾಲುವೆ ತುಂಬಿತು. ಹುಲ್ಲು ಮುಳುಗಿತು. ಪೈಪು ತೇಲುತ್ತಾ ಬಂದು, ನನ್ನನ್ನು ಕರೆಸಿದ್ದು ಯಾಕೆ ಎನ್ನುವಂತೆ ಮೆಟ್ಟಿಲಿಗೆ ಬಡಿಯಿತು. ಅದರ ಹಿಂದೆಯೇ ನನ್ನ ಒಂದು ಚಪ್ಪಲಿ.

"ಎಲ್ಲಿ ತಪ್ಪಾಯ್ತು?" ಎಂದೆ.

"ಇದು ಆಳುವವರ ಪಿತೂರಿ!" ಎಂದ ಮೈಕು, ಅಭ್ಯಾಸಬಲದಿಂದ.

"ಒಂದು ಸಭೆ ಕರೆಯೋಣ್ವಾ?" ಎಂದ ಬಂಡೆ.

ಬೆನ್ನ ಹಿಂದೆ ಊರುಗೋಲಿನ ಸದ್ದಾಯಿತು. ಕರೆಯದೆಯೇ ಬಂದಿದ್ದಳು. ನೀರು ನೋಡಿದಳು, ಗೇಟು ನೋಡಿದಳು, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಗೇಟಿಗೆ ಅಡ್ಡ ಕಟ್ಟಿದ್ದು ಯಾರು?"

ಮೂವರೂ ಸೂರಿನತ್ತ ನೋಡಿದೆವು. ಠಾಣೆಯಲ್ಲೇ ಹೆಸರು ಹೇಳದವರು ನಾವು!

"ನೀರು ಎಲ್ಲಿಂದ ಆಚೆ ಹೋಗಬೇಕಿತ್ತು?"

"ಗೇಟಿಂದ, ಅಕ್ಕಾ" ಎಂದ ಮೈಕು, ಮೈಕಿಲ್ಲದವನಂತೆ.

"ಆಯಸ್ಸೆಲ್ಲ ದಾರಿಗೆ ಅಡ್ಡ ಕಟ್ಟಿ ಕಟ್ಟಿ, ದಾರಿ ಬಿಡೋದೇ ಮರೆತುಹೋಯ್ತೇನ್ರೋ ನಿಮಗೆ?"

"ನೀನು ಒಳಗಿರು, ನಾವು..." ಎನ್ನುವಷ್ಟರಲ್ಲಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಇಳಿದೇಬಿಟ್ಟಳು! ಆ ಮಳೆಯಲ್ಲಿ, ಆ ನೀರಿನಲ್ಲಿ, ಊರುಗೋಲಿನಿಂದ ನೆಲ ತಡಕುತ್ತಾ, ನಮ್ಮ ಮೂವರ ಬುದ್ಧಿಯನ್ನೂ ಹೆಸರು ಹಿಡಿದು ಬೈಯುತ್ತಾ ನಡೆದಳು. ನಾನು ಎರಡೂ ಕೈ ಚಾಚಿಕೊಂಡು ಪಕ್ಕದಲ್ಲೇ ಹೋದೆ. ಮುಟ್ಟುವ ಧೈರ್ಯ ಬರಲಿಲ್ಲ. ಗೇಟಿನ ಬಳಿ ನಿಂತು ಊರುಗೋಲಿನ ತುದಿಯನ್ನು ಅಡ್ಡಗಟ್ಟೆಯ ಹೊಟ್ಟೆಗೆ ಚುಚ್ಚಿ ತಿರುವಿದಳು. ಮೊದಲು ಒಂದು ಎಳೆ ನೀರು. ಆಮೇಲೆ ಒಂದು ಹೆಂಟೆ ಕಳಚಿತು. ಆಮೇಲೆ ಚೀಲ, ಮಣ್ಣು, ನಮ್ಮ ಮಾನ, ಎಲ್ಲವೂ ಭೋರೆಂದು ಬೀದಿಗೆ! ಬುಲ್ಡೋಜರಿಗೂ ಅಲ್ಲಾಡದ್ದು ಊರುಗೋಲಿಗೆ ಅಲ್ಲಾಡಿತು.

ಕಾಲ ಸುತ್ತ ನೀರು ಇಳಿಯುತ್ತಿದ್ದ ಹಾಗೆ ಅವಳು ಹಿಂದೆ ತಿರುಗಿದಳು. ವರಾಂಡ ಎಷ್ಟೋ ದೂರದಲ್ಲಿತ್ತು.

"ರೀ, ನಾನು ಇಲ್ಲಿಗೆ ಹೇಗೆ ಬಂದೆ?"

"ನಡ್ಕೊಂಡು."

ಹೇಳಿದವನೇ ಅಂಗಿಯ ಅಂಚಿನಿಂದ ಕಣ್ಣೊರೆಸಿಕೊಂಡೆ. ಅವಳು ನನ್ನ ಕೆಸರು ಮೆತ್ತಿದ ತೋಳು ಹಿಡಿದುಕೊಂಡಳು.

"ಅಳಬೇಡ್ರಿ. ಮೊದಲೇ ನೀರು ಜಾಸ್ತಿಯಾಗಿದೆ."

ಈಗ ದಿನಾ ಬೆಳಿಗ್ಗೆ ಅದೇ ಪಚಪಚ ಹುಲ್ಲಿನ ಮೇಲೆ ನಡೆಯುತ್ತಾಳೆ. ಗೇಟಿನವರೆಗೆ ಹೋಗುತ್ತಾಳೆ, ಅರ್ಧ ಮುಚ್ಚಿಹೋದ ಕಾಲುವೆಯನ್ನು ಊರುಗೋಲಿನಿಂದ ತೋರಿಸಿ, "ಬಾಕಿ ತೀರಿಸೋದು ಯಾವಾಗ?" ಎಂದು ಬೀದಿಗೆಲ್ಲ ಕೇಳುವಂತೆ ಕೇಳುತ್ತಾಳೆ, ವಾಪಸ್ ಬರುತ್ತಾಳೆ. ನಾನು ಕೆಮ್ಮುತ್ತೇನೆ. ಬಂಡೆ ಸೊಂಟ ಹಿಡಿದುಕೊಂಡು ಮಲಗಿದ್ದಾನೆ, ಮೈಕಿಗೆ ಗಂಟಲು ಕಟ್ಟಿದೆ, ಪೈಪು ವರಾಂಡದಲ್ಲೇ ಧರಣಿ ಕೂತಿದೆ.

ಆದ್ದರಿಂದ ಓದುಗರೇ, ನಮ್ಮ ಬೇಡಿಕೆ ಒಂದೇ. ನಕ್ಕು ಮುಗಿದಿದ್ದರೆ ಭಾನುವಾರ ಗುದ್ದಲಿ ಹಿಡಿದು ಬನ್ನಿ. ಘೋಷಣೆ ಬೇಡ, ಸಭೆ ಬೇಡ. ಅಗೆದ ಮಣ್ಣು ಎಲ್ಲಿ ಹಾಕಬೇಕೆಂದು ಮಾತ್ರ ನನ್ನನ್ನು ಕೇಳಬೇಡಿ, ಅವಳನ್ನು ಕೇಳಿ!