ಹನಿ ನಿಂತ ಕಾರು

ಆ ಭಾನುವಾರ ಬೆಳಿಗ್ಗೆ ಪುಂಡರೀಕಾಕ್ಷ ರಾಯರ ಹಳೇ ಕಾರಿನ ಅಡಿ ಅಂಗೈಯಗಲ ಒದ್ದೆಯಾಗಿತ್ತು. ಬೇರೆ ಊರಲ್ಲಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಡೊಂಬಿವಲಿ ಎಂಐಡಿಸಿಯ ಕೆಮಿಕಲ್ ಕಾರ್ಖಾನೆಗಳ ಪಕ್ಕ ವಾಸಿಸುವವರ ಮೂಗು ಪೊಲೀಸ್ ನಾಯಿಯದ್ದು. ಪೆಟ್ರೋಲಿನ ವಾಸನೆಗೆ ಅರ್ಧ ಹೌಸಿಂಗ್ ಸೊಸೈಟಿ ಗ್ಯಾಸ್ ಬಂದ್ ಮಾಡಿ, ನೈಟಿ ಬರ್ಮುಡಾಗಳಲ್ಲೇ ಕೆಳಗಿಳಿದು ಬಂತು.

ಸೆಕ್ರೆಟರಿ ಮಧ್ವರಾಜ ಮರಳಿನ ಬಕೆಟ್ ಹಿಡಿದು ನಿಂತಿದ್ದ.

“ರಾಯರೇ, ಸಾಯಂಕಾಲದೊಳಗೆ ಇದು ನಿಲ್ಬೇಕು. ಇಲ್ಲದಿದ್ರೆ ನಾಳೆ ಗುಜರಿಯವನ ಟೆಂಪೊ ಬರ್ತದೆ. ಮೀಟಿಂಗಲ್ಲಿ ಪಾಸ್ ಆಗಿದೆ.”

ರಾಯರು ಬಾನೆಟ್ಟಿನ ಮೇಲೆ ಕೈಯಿಟ್ಟರು. ಹೆಂಡತಿ ರಮಾಮಣಿ ತೀರಿಕೊಂಡ ಮೇಲೆ ಅವರು ಪ್ರತಿ ಭಾನುವಾರ ಕಾರು ಸ್ಟಾರ್ಟ್ ಮಾಡಿ, ಗಾಜು ಏರಿಸಿ, ಅವಳೊಡನೆ ಒಂದಿಷ್ಟು ಮಾತಾಡಿ ಏಳುತ್ತಿದ್ದರು. ಮನೆಯಲ್ಲಿ ಮಾತಾಡಿದರೆ ಮಗಳು ಅಕ್ಷಯಾ ಡಾಕ್ಟರರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತಿದ್ದಳು.

ಬಾನೆಟ್ ಎತ್ತಿದರೆ ಕಾರ್ಬುರೇಟರ್ ನೆಗಡಿಯಾದ ಮಗುವಿನ ಮೂಗಿನಂತೆ ಸುರಿಯುತ್ತಿತ್ತು. ರಾಯರು ವಿಠ್ಠಲವಾಡಿಯ ಹಳೇ ಸಾಮಾನಿನ ಅಂಗಡಿಗೆ ಓಡಿ ಸೋರಿಕೆ ತಡೆಯುವ ಗ್ಯಾಸ್ಕೆಟ್ ತಂದು ಕೂರಿಸಿದರು. ಸ್ಟಾರ್ಟ್ ಮಾಡಿದ್ದೇ ತಡ, ಈಗ ಎರಡು ಕಡೆಯಿಂದ ಸೋರಿತು.

ಮೇಲಿನ ಮಹಡಿಯ ವಿನೋದಾ ಬಟ್ಟೆ ಸೋಪು ತಂದಳು. “ಇದನ್ನು ಮೆತ್ತಿ ರಾಯರೇ. ಹೋಟ್ಲಿನ ಸ್ಟೋವ್ ಸೋರಿದ್ರೆ ನಮ್ಮ ಅಪ್ಪ ಇದನ್ನೇ ಮೆತ್ತುದು.”

ಪಕ್ಕದ ವಿಂಗಿನ ಯತಿನ್ ಮೊಬೈಲಿನಲ್ಲಿ ವಿಡಿಯೊ ನೋಡುತ್ತ ಅಪ್ಪಣೆ ಕೊಟ್ಟ. “ಅಂಕಲ್, ಅಂದರ್ ಕಾ ನೀಡಲ್ ಅಟಕಾ ಹೈ. ಜರಾ ಠೋಕೋ!”

ರಾಯರು ಸೋಪು ಮೆತ್ತಿದರು, ಒಳಗೆ ಸಿಕ್ಕಿಕೊಂಡ ಸೂಜಿ ಬಿಡಲೆಂದು ತಟ್ಟಿದರು. ಒಬ್ಬೊಬ್ಬರ ಸಲಹೆಗೂ ಒಮ್ಮೆ ಸ್ಟಾರ್ಟ್, ಒಮ್ಮೆ ಬಂದ್. ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ಅಕ್ಷಯಾ, ಮಸಿ ಹಿಡಿದ ಅಪ್ಪನ ಮುಖ ನೋಡಿ ಹಾಗೇ ಹಿಂದಿರುಗಿದಳು.

ಸಂಜೆ ಸೊಸೈಟಿಯೆಲ್ಲ ಸೇರಿತು. ರಾಯರು ಕೈಮುಗಿದು ಕೀಲಿ ತಿರುಗಿಸಿದರು. ಕಾರು ಗುಂಯ್‌ಗುಟ್ಟಿತು. ಒಂದು ಹನಿಯಿಲ್ಲ! ಮಧ್ವರಾಜ ಬಗ್ಗಿ, ಕಾರಿನಡಿಗೆ ಪೇಪರ್ ತಳ್ಳಿ ನೋಡಿದ. ಒಣಗಿತ್ತು.

“ಆಯ್ತು ಮಾರಾಯ್ರೆ, ನಿಮ್ಮ ಕಾರು ಇಲ್ಲೇ ಇರಲಿ.”

ಚಪ್ಪಾಳೆ ಬಿತ್ತು. ರಾಯರು ಕಣ್ಣೊರೆಸಿಕೊಂಡು ಪಿಸುಗುಟ್ಟಿದರು, “ರಮಾ, ನಿಂತಿತು.”

ಅಷ್ಟರಲ್ಲಿ ಇಂಜಿನ್ ಕೆಮ್ಮಿ ಆರಿಹೋಯಿತು.

ಯತಿನ್ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದ. ಕಡ್ಡಿಯೂ ಒಣಗಿಯೇ ಬಂತು. ನಿಂತದ್ದು ಸೋರಿಕೆಯಲ್ಲ, ಬೆಳಿಗ್ಗೆಯಿಂದ ಸೋರಿ ಸೋರಿ ಪೆಟ್ರೋಲೇ ಮುಗಿದಿತ್ತು.

“ಟೆನ್ಶನ್ ನಹೀ ಅಂಕಲ್,” ಎಂದು ಅವನು ತನ್ನ ಬೈಕಿನಿಂದ ಬಾಟಲಿಗೆ ಪೆಟ್ರೋಲು ಇಳಿಸಿದ.

“ಬೇಡ ಮಗಾ, ಇವತ್ತು ಬೇಡ,” ಎಂದು ರಾಯರು ಹೇಳುವಷ್ಟರಲ್ಲಿ ಸುರಿದೂ ಆಗಿತ್ತು. ಎಲ್ಲರೂ ಕಾಯುತ್ತಿದ್ದರು. ಅವರು ಮತ್ತೆ ಕೀಲಿ ತಿರುಗಿಸಲೇಬೇಕಾಯಿತು. ಮೆತ್ತಿದ್ದ ಸೋಪು ಜಾರಿ ಕೆಳಗೆ ಬಿತ್ತು; ಅದರ ಹಿಂದೆಯೇ ಪೆಟ್ರೋಲು ಧಾರೆಯಾಗಿ ಇಳಿಯಿತು.

ವಿನೋದಾ ಮುಖ ಆಚೆ ತಿರುಗಿಸಿದಳು. ಮಧ್ವರಾಜ ಗಂಟಲು ಸರಿಮಾಡಿಕೊಂಡ.

“ಟೆಂಪೊ ಒಳಗೆ ತಿರುಗ್ಲಿಕ್ಕೆ ಜಾಗ ಇಲ್ಲ ರಾಯರೇ. ಈಗಲೇ ಗೇಟಿನ ಹತ್ರ ನಿಲ್ಲಿಸುವ. ನಾವು ದೂಡ್ತೇವೆ.”

ರಾಯರು ಸ್ಟಿಯರಿಂಗ್ ಹಿಡಿದು ಕೂತರು. ದಿನವಿಡೀ ಸಲಹೆ ಕೊಟ್ಟವರೆಲ್ಲ ಹಿಂದಿನಿಂದ ಹೆಗಲು ಕೊಟ್ಟರು. ಕಾರು ಸದ್ದಿಲ್ಲದೆ ಹೊರಟಿತು. ಗೇಟಿನ ತಿರುವು ಬಂದಾಗ ರಾಯರು ಎಡಗಡೆಯ ಇಂಡಿಕೇಟರ್ ಹಾಕಿದರು.