ಎಡಗಾಲಿನ ತಿದ್ದುಪಡಿ

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳಿದವರೇನಲ್ಲ, ಕಂಡವರನ್ನೆಲ್ಲ ತಿದ್ದುವ ಚಟವಿತ್ತು, ಅಷ್ಟೆ. ಡಾಕ್ಟರು ಬರೆದ ಕಾಯಿಲೆಗೆ ತಕ್ಕ ಕೋಡ್ ಹಾಕುವುದು ಅವರ ಕೆಲಸ. ಹುಟ್ಟುತ್ತಲೇ ಪಾದ ಸೊಟ್ಟಗಿರುವ ಮಗುವಿಗೂ ಒಂದು ಕೋಡ್ ಇದೆ. ಕೊನೆಯ ಅಂಕಿ ಒಂದಾದರೆ ಬಲಗಾಲು, ಎರಡಾದರೆ ಎಡಗಾಲು. ಹನ್ನೊಂದು ವರ್ಷದಲ್ಲಿ ಆ ಅಂಕಿ ತಮ್ಮ ಕೈಯಲ್ಲಿ ಒಮ್ಮೆಯೂ ತಪ್ಪಿಲ್ಲವೆಂದು ಮೇಷ್ಟ್ರು ಹೇಳಿಕೊಳ್ಳುತ್ತಿದ್ದರು, ಕೇಳದವರಿಗೂ.

ಹೋದ ವಾರ ಪಕ್ಕದ ಮೇಜಿನ ಮೇಡಂ ಯಾರದೋ ಮಂಡಿಯ ಎಡ ಬಲ ಅದಲುಬದಲು ಮಾಡಿದ್ದರು. ಮೇಷ್ಟ್ರು ಇಡೀ ಕೋಣೆಗೆ ಕೇಳುವಂತೆ, "ಚಪ್ಪಲಿ ಹಾಕ್ಕೊಳ್ಳೋವಾಗ ಏನು ಮಾಡ್ತೀರಿ ಮೇಡಂ?" ಎಂದರು. ಎಲ್ಲರೂ ನಕ್ಕರು. ಮೇಡಂ ತಮ್ಮ ಚಪ್ಪಲಿ ನೋಡಿಕೊಂಡರು.

ಹಾಗಾಗಿ ಈ ಬೆಳಿಗ್ಗೆ ಕಂಪ್ಯೂಟರಿನಲ್ಲಿ ವಿಮಾ ಕಚೇರಿಯ ಪತ್ರ ತೆರೆದಾಗ ಮೇಷ್ಟ್ರ ಎದೆ ಧಸಕ್ಕೆಂದಿತು. ಅವರೇ ಕೋಡ್ ಹಾಕಿದ ಒಂದು ಮಗುವಿನ ಕಡತ ವಾಪಸು ಬಂದಿತ್ತು. ಕೋಡ್ ಬಲಗಾಲು ಎನ್ನುತ್ತದೆ, ಫೋಟೊದಲ್ಲಿ ಪ್ಲಾಸ್ಟರ್ ಎಡಗಾಲಿಗಿದೆ, ಇತ್ಯರ್ಥವಾಗುವವರೆಗೆ ಶೂಗೆ ಮಂಜೂರಾತಿ ಇಲ್ಲ.

ಆ ಮಗುವಿನ ಕೊನೆಯ ಪ್ಲಾಸ್ಟರ್ ಬಿಚ್ಚುವುದು ಇವತ್ತೇ ಮಧ್ಯಾಹ್ನ. ಬಿಚ್ಚಿದ ಕೂಡಲೇ ಲೋಹದ ಪಟ್ಟಿಗೆ ಜೋಡಿಸಿದ ಪುಟ್ಟ ಶೂಗಳನ್ನು ಹಾಕದಿದ್ದರೆ, ವಾರಗಟ್ಟಲೆ ಪ್ಲಾಸ್ಟರ್ ಹಾಕಿ ನೇರ ಮಾಡಿದ ಪಾದ ಮತ್ತೆ ಒಳಕ್ಕೆ ತಿರುಗಲು ಹೊರಡುತ್ತದೆ. ತಮಾಷೆಯೆಂದರೆ ಸೊಟ್ಟ ಪಾದ ಒಂದೇ ಆದರೂ ಶೂ ಎರಡೂ ಕಾಲಿಗೆ. ಎಡವೋ ಬಲವೋ ಎಂಬುದು ಶೂಗೆ ಬೇಕಿರಲಿಲ್ಲ, ವಿಮಾ ಕಚೇರಿಗೆ ಬೇಕಿತ್ತು.

ಮೇಷ್ಟ್ರು ಫೋಟೊ ನೋಡಿದರು. ಮಗುವನ್ನು ಎದೆಗೊರಗಿಸಿಕೊಂಡು ಅಪ್ಪ ಹಲ್ಲು ಬಿಟ್ಟಿದ್ದ. ಅವನ ಟೀಶರ್ಟಿನ ಮೇಲೆ ಯಾವುದೋ ಪರದೇಶದ ಲಿಪಿ. ಪ್ಲಾಸ್ಟರ್ ಎಡಗಾಲಿಗೇ, ಅನುಮಾನವಿಲ್ಲ. ಡಾಕ್ಟರ ಚೀಟಿ ತೆಗೆದರು; ಅವರ ಅಕ್ಷರದಲ್ಲಿ ಅದು ಕಾಲು ಎಂಬುದೇ ಊಹೆ. ಕೆಳಗಿನ ಪ್ಲಾಸ್ಟರ್ ಕೋಣೆಗೆ ಹೋಗಿ ಅಲ್ಲಿನ ದಾಖಲೆ ಪುಸ್ತಕ ನೋಡಿದ್ದರೆ ಎರಡು ನಿಮಿಷದ ಕೆಲಸ. ಆದರೆ ಪ್ಲಾಸ್ಟರಿನವನ ಬಾಯಿಗೆ ಬಿದ್ದ ಸುದ್ದಿ ಲಿಫ್ಟಿಗಿಂತ ಬೇಗ ಮೇಲೆ ಬರುತ್ತಿತ್ತು. ಚಪ್ಪಲಿಯ ಮಾತು ನೆನಪಾಗಿ ಮೇಷ್ಟ್ರ ಕಿವಿ ಬಿಸಿಯಾಯಿತು. ಯಾರಿಗೂ ತಿಳಿಯದ ಹಾಗೆ ತಿದ್ದಿಬಿಡೋಣ ಎಂದುಕೊಂಡರು. ಪಕ್ಕದ ಕುರ್ಚಿಯೂ ಪುಣ್ಯಕ್ಕೆ ಖಾಲಿಯಿತ್ತು.

ತಿದ್ದುಪಡಿ ನಮೂನೆ ತುಂಬಿದರು. ತಪ್ಪಿಗೆ ಕಾರಣ ಎಂಬಲ್ಲಿ 'ಎಡ ಬಲ ಗೊಂದಲ' ಎಂದು ಬರೆದರು. ಪ್ರಿಂಟರ್ ಇದ್ದದ್ದು ಕೋಣೆಯ ಇನ್ನೊಂದು ತುದಿಯಲ್ಲಿ, ಕಡತದ ಗುಮಾಸ್ತನ ಮೂಗಿನ ಕೆಳಗೆ. ಮೇಷ್ಟ್ರು ಓಡಿ ಹೋಗುವಷ್ಟರಲ್ಲಿ ಅವನು ಹಾಳೆ ಎತ್ತಿ ಗಟ್ಟಿಯಾಗಿ ಓದಿಯೇ ಬಿಟ್ಟಿದ್ದ.

"ಮತ್ತೆ ಎಡ ಬಲ! ಮೇಡಂದು ತಾನೆ ಸಾರ್?"

ಅಲ್ಲ, ನನ್ನದು ಎನ್ನಲು ಮೇಷ್ಟ್ರು ಬಾಯಿ ತೆರೆದರು. ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು. ತೆರೆದ ಬಾಯಿಂದ ಒಂದು ಕೆಮ್ಮು ಬಂತು. ಗುಮಾಸ್ತ ಅದನ್ನು ಹೌದೆಂದು ತಿಳಿದು, ಪಾಪ ನೀವೆಷ್ಟು ಅಂತ ತಿದ್ದುತ್ತೀರಿ ಎಂದು ಮರುಗಿದ. ಮೇಷ್ಟ್ರಿಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಆದರೂ ಹಾಳೆ ಹಿಡಿದು ಹೊರಟರು. ಡಾಕ್ಟರು ಇನ್ನೊಬ್ಬ ರೋಗಿಯ ಬೆನ್ನು ಒತ್ತಿ ನೋಡುತ್ತಲೇ, ಓದದೆ ಸಹಿ ಹಾಕಿದರು. ಹನ್ನೆರಡಕ್ಕೆ ತಿದ್ದುಪಡಿ ಹೋಯಿತು. ಕೂಡಲೇ ಫೋನ್ ಬಂತು.

"ಹನ್ನೊಂದೂವರೆಗೆ ನಿಮ್ಮೋರೇ ಫೋನ್ ಮಾಡಿ ಬಲಗಾಲೇ ಸರಿ ಅಂದ್ರು, ಶೂ ಮಂಜೂರು ಮಾಡಿದ್ವಿ," ಎಂದಿತು ವಿಮಾ ಕಚೇರಿ. "ಈಗ ಎಡಗಾಲು ಅಂತ ಡಾಕ್ಟರ ಸಹಿ ಹಾಕಿಸಿ ಕಳಿಸಿದ್ದೀರಿ. ಮಂಜೂರಾತಿ ತಡೆದಿದ್ದೀವಿ. ಮಗುವಿಗೆ ಎಷ್ಟು ಕಾಲು ಸಾರ್?"

ಮೇಷ್ಟ್ರು ಮೆಲ್ಲನೆ ಪಕ್ಕಕ್ಕೆ ತಿರುಗಿದರು. ಮೇಡಂ ಆಗಲೇ ಬಂದು ಕೂತಿದ್ದರು.

"ಆ ಪತ್ರ ನನಗೂ ಬಂದಿತ್ತು ಸಾರ್," ಎಂದರು ಅವರು ತಗ್ಗಿದ ದನಿಯಲ್ಲಿ. "ಕೆಳಗೆ ಹೋಗಿ ಪುಸ್ತಕ ನೋಡ್ದೆ, ನೀವು ಹಾಕಿದ್ದೇ ಸರಿ. ಫೋಟೊನ ಫೋನಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದಿದ್ದಾರೆ, ಕನ್ನಡಿ ಥರ ತಿರುಗಿದೆ. ಅಲ್ಲಿಂದಾನೇ ಫೋನ್ ಮಾಡಿ ಹೇಳ್ದೆ. ನಿಮಗೆ ಮುಜುಗರ ಆಗ್ಬಾರ್ದು ಅಂತ ಮೇಲೆ ಬಂದು ಮಾತೆತ್ತಲಿಲ್ಲ."

ಅಷ್ಟರಲ್ಲಿ ಗುಮಾಸ್ತ ಆ ತುದಿಯಿಂದಲೇ ಕೂಗಿ, ಮೇಡಂ ಮಾಡಿದ ತಪ್ಪನ್ನು ಮೇಷ್ಟ್ರು ಸರಿಪಡಿಸಿದ್ದಾಗಿ ತಿಳಿಸಿದ. ಮೇಡಂ ಮೇಷ್ಟ್ರ ಮುಖ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ತಪ್ಪು ನಂದೇ ಕಣಯ್ಯ," ಎಂದರು ಮೇಷ್ಟ್ರು ಗುಮಾಸ್ತನಿಗೆ. ಇಡೀ ಕೋಣೆಗೆ ಕೇಳಿಸಿತು. ಹನ್ನೊಂದು ವರ್ಷದ ಹೆಸರು ಒಂದು ಮಾತಿನಲ್ಲಿ ನೀರಿಗೆ ಬಿತ್ತು.

ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ ಹೋಯಿತು, ಆದರೆ ಹೊಸ ಮಂಜೂರಾತಿಗೆ ಇನ್ನೆರಡು ದಿನ ಬೇಕಂತೆ. ಅಲ್ಲಿಯವರೆಗೆ ಪಾದ ತಿರುಗದಂತೆ ಮತ್ತೊಂದು ಪ್ಲಾಸ್ಟರ್ ಹಾಕಲೇಬೇಕು. ಹೇಳುವವರು ಯಾರು? ಮೇಷ್ಟ್ರೇ ಕೆಳಗಿಳಿದರು, ಜೊತೆಗೆ ಮೇಡಂ. ಅಪ್ಪ ಅದೇ ಟೀಶರ್ಟಿನಲ್ಲಿ ಬಂದಿದ್ದ. ಪರದೇಶದ ಲಿಪಿ ಅಚ್ಚ ಕನ್ನಡದಲ್ಲಿ 'ರಕ್ತದಾನ ಮಾಡಿ' ಎನ್ನುತ್ತಿತ್ತು. ಪ್ಲಾಸ್ಟರ್ ಬಿಚ್ಚಿಯಾಗಿತ್ತು. ತಾಯಿ ಆ ಕಾಲನ್ನು ವಾರಗಳ ನಂತರ ಮೊದಲ ಸಲ ತೊಳೆದು ಒರೆಸಿ, ಮುತ್ತಿಡುತ್ತಿದ್ದಳು. ನನ್ನ ತಪ್ಪಿನಿಂದ ಹೀಗಾಯಿತು ಎಂದು ಮೇಷ್ಟ್ರು ಹೇಳುವಾಗ ಆಕೆ ಮಗುವನ್ನು ಮೆಲ್ಲನೆ ಮೇಜಿನ ಮೇಲೆ ಮಲಗಿಸಿದಳು. ಮಗು ಅಳತೊಡಗಿತು.

ನಾಚಿಕೆಯಿಂದ ಸುಮ್ಮನೆ ನಿಲ್ಲಲಾರದೆ, ಏನಾದರೂ ಸಹಾಯ ಮಾಡಲೇ ಎಂದು ಮೇಷ್ಟ್ರು ಕೇಳಿದರು. ಕಾಲು ಅಲುಗದಂತೆ ಹಿಡಿದುಕೊಳ್ಳಿ ಎಂದ ಪ್ಲಾಸ್ಟರಿನವನು. ಮೇಷ್ಟ್ರು ಮಗುವಿಗೆ ಎದುರಾಗಿ ನಿಂತರು. ಎರಡೂ ಪಾದ ಈಗ ಒಂದೇ ಥರ ನೆಟ್ಟಗಿದ್ದವು. ಅವರು ಒಂದನ್ನು ಎರಡೂ ಕೈಯಲ್ಲಿ ಹೂವಿನಂತೆ ಹಿಡಿದರು. ಒದ್ದೆ ಪಟ್ಟಿ ಕೈಯಲ್ಲಿ ಹಿಡಿದು ಪ್ಲಾಸ್ಟರಿನವನು ಕಾದ, ಇನ್ನೂ ಕಾದ.

"ಬಲಗಾಲು ಸಾರ್," ಎಂದ.

ಬಾಗಿಲಲ್ಲಿ ನಿಂತಿದ್ದ ಮೇಡಂ ತಮ್ಮ ಚಪ್ಪಲಿ ನೋಡಿಕೊಂಡರು.